ಆರ್ಡಿಸ್ ಬೀಳಲಿಲ್ಲ, ಕೂತಳು

ಅತ್ತೆಯ ಹೊಸ ಸೊಂಟ ಗುಡ್ಡದ ಮೇಲೆ ಕೈಕೊಟ್ಟರೆ ಏನು ಗತಿ?

ಬೆಳಗ್ಗೆ ಐದಕ್ಕೆ ಕಣ್ಣು ಬಿಟ್ಟಾಗಿನಿಂದ ನಡೀನ್‌ಳ ತಲೆಯಲ್ಲಿ ಇದೊಂದೇ ಹುಳ ಕೊರೆಯುತ್ತಿತ್ತು. ಮಗುವಿಗೆ ಹಾಲೂಡಿಸುವಾಗಲೂ ಅದೇ, ಒಲೆಯ ಮುಂದೆ ನಿಂತಾಗಲೂ ಅದೇ. ಆರ್ಡಿಸ್‌ಗೆ ಎಪ್ಪತ್ಮೂರು ವರ್ಷ. ಆಪರೇಷನ್ ಮಾಡಿ ಕೂರಿಸಿದ ಕೃತಕ ಸೊಂಟಕ್ಕೆ ಎಂಟೇ ತಿಂಗಳು, ಹೆಚ್ಚುಕಡಿಮೆ ಮಗು ಹ್ಯಾಟಿಯಷ್ಟೇ ವಯಸ್ಸು. ಹ್ಯಾಟಿಯನ್ನು ಮಂಚದ ಮೇಲೆ ಒಂಟಿಯಾಗಿ ಬಿಡಲು ಹೆದರುವ ನಡೀನ್, ಅಷ್ಟೇ ಎಳೆಯ ಸೊಂಟವನ್ನು ಬಂದೂಕಿನ ಜೊತೆ ಓಕ್ ಗುಡ್ಡಕ್ಕೆ ಹೇಗೆ ಕಳಿಸಿಯಾಳು?

ಆದರೆ ಕಳಿಸದೆ ವಿಧಿಯಿರಲಿಲ್ಲ. ನವೆಂಬರ್ ತಿಂಗಳ ಆ ಶನಿವಾರ ಜಿಂಕೆ ಬೇಟೆಯ ಮೊದಲ ದಿನ. ವಿಸ್ಕಾನ್ಸಿನ್‌ನ ಆ ಮೂಲೆಯಲ್ಲಿ ಅಂದು ಮದುವೆಯನ್ನೂ ಯಾರೂ ಇಟ್ಟುಕೊಳ್ಳುವುದಿಲ್ಲ, ಸತ್ತವರನ್ನೂ ಸೋಮವಾರದವರೆಗೆ ಕಾಯಿಸುತ್ತಾರೆ. ಗಂಡ ಕರ್ಟ್‌ನ ಚೀಸ್ ಕಾರ್ಖಾನೆಯಲ್ಲಿ ಅರ್ಧಕ್ಕರ್ಧ ಜನ ರಜೆ ಹಾಕಿದ್ದರಿಂದ, ಅವನಿಗೆ ರಜೆ ಸಿಕ್ಕಿರಲಿಲ್ಲ. ಹಿಂದಿನ ರಾತ್ರಿ ಊಟದ ಮೇಜಿನಲ್ಲೇ ಅವನು ಕಡ್ಡಿ ಮುರಿದಂತೆ ಹೇಳಿದ್ದ:

"ನೋಡಮ್ಮಾ, ನಿನ್ನ ಗುಡ್ಡದಿಂದ ಇಳಿಸೋಕೆ ಅಂತ ಯಾರನ್ನಾದ್ರೂ ಕರೀಬೇಕಾಯ್ತು ಅಂದ್ರೆ ಅದೇ ಕೊನೆ. ಬಂದೂಕು ನನ್ನ ಬೀರುಗೆ, ಬೀಗದ ಕೈ ನನ್ನ ಜೇಬಿಗೆ."

"ಕರೀಬೇಕಾಗದೆ ಇದ್ರೆ?"

"ನಿನಗೆ ನೂರು ವರ್ಷ ಆಗೋವರೆಗೂ ನಾನು ತುಟಿ ಪಿಟಕ್ ಅನ್ನಲ್ಲ."

ತಾಯಿ ಮಗ ಕೈ ಕುಲುಕಿದ್ದರು. ಬೇಟೆ ಇಲ್ಲದ ಆರ್ಡಿಸ್‌ಳನ್ನು ನಡೀನ್ ಈ ಬೇಸಿಗೆಯಲ್ಲಿ ನೋಡಿದ್ದಳು, ಊರುಗೋಲು ಹಿಡಿದು ಕಿಟಕಿಯಲ್ಲಿ ನಿಂತು ಗುಡ್ಡವನ್ನೇ ದಿಟ್ಟಿಸುತ್ತಿದ್ದವಳನ್ನು. ಹನ್ನೆರಡನೇ ವಯಸ್ಸಿಗೆ, ಹುಡುಗಿಯರಿಗೇಕೆ ಬೇಟೆ ಎಂದ ದೊಡ್ಡಪ್ಪನ ಎದುರಿಗೇ ಮೊದಲ ಜಿಂಕೆ ಹೊಡೆದವಳು. ನಲವತ್ತು ವರ್ಷ ಹಸು ಕರೆದು, ಇಪ್ಪತ್ತೆರಡು ವರ್ಷ ಶಾಲೆ ಬಸ್ಸು ಓಡಿಸಿದವಳು. ಬಸ್ಸಿನಲ್ಲಿ ಗಲಾಟೆ ಮಾಡಿದವರನ್ನು ಇಳಿಸಿ, ಒಂದು ಮೈಲಿ ಜೊತೆಯಲ್ಲೇ ನಿಧಾನಕ್ಕೆ ಬಸ್ಸು ಓಡಿಸುತ್ತಾ ಬುದ್ಧಿ ಹೇಳುತ್ತಿದ್ದಳಂತೆ. ಆ ಮಕ್ಕಳೆಲ್ಲ ಈಗ ಬೊಕ್ಕತಲೆಯವರು, ಆದರೂ ಅವಳನ್ನು ಕಂಡರೆ ಟೋಪಿ ತೆಗೆಯುತ್ತಾರೆ.

ಎಡವಟ್ಟು ಶುರುವಾದದ್ದು ನಡೀನ್‌ಳಿಂದಲೇ. ಮಿಲ್ವಾಕಿ ನಗರದಲ್ಲಿ ಓದಿ ಬೆಳೆದವಳು. ಅತ್ತೆಗೆ ನೆರವಾಗಲಿ ಎಂದು ಗುರುವಾರ ಅವಳ ಕಿತ್ತಳೆ ಬಣ್ಣದ ಬೇಟೆ ಜಾಕೆಟ್ಟನ್ನು ಒಗೆದುಬಿಟ್ಟಿದ್ದಳು. ಅದೂ ಹ್ಯಾಟಿಯ ಬಟ್ಟೆಯ ಪರಿಮಳದ ಸೋಪಿನಲ್ಲಿ. ಆ ಜಾಕೆಟ್ಟಿಗೆ ಹನ್ನೊಂದು ವರ್ಷದಿಂದ ನೀರು ತಾಗಿರಲಿಲ್ಲ.

ಆರ್ಡಿಸ್ ಅದನ್ನು ಮೂಸಿ ನೋಡಿ, ಕುರ್ಚಿಯ ಮೇಲೆ ಕುಸಿದಿದ್ದಳು. "ಅಯ್ಯೋ ಮಾರಾಯ್ತಿ! ಅರ್ಧ ಮೈಲಿ ದೂರದ ಜಿಂಕೆನೂ ಯಾರ ಮನೇಲಿ ಬಾಣಂತನ ಅಂತ ಕೇಳ್ಕೊಂಡು ಓಡಿಹೋಗತ್ತೆ."

"ಕೊಳೆ ಇತ್ತಲ್ಲ ಅಂತ..."

"ಕೊಳೆಯಲ್ಲ ಕಣೇ ಅದು, ಬಂಡವಾಳ."

ಎರಡು ದಿನ ಜಾಕೆಟ್ಟು ಕೊಟ್ಟಿಗೆಯಲ್ಲಿ ನೇತಾಡಿತು. ಶುಕ್ರವಾರ ಆರ್ಡಿಸ್ ಅದನ್ನು ಗಂಜಳದ ಹುಲ್ಲಿನಲ್ಲಿ ಹೊರಳಿಸಿಯೂ ಬಂದಳು. ಒಗೆಯುವ ಮುನ್ನ ಅದರ ಒಳಜೇಬಿನಲ್ಲಿ ನಡೀನ್‌ಗೆ ನೀಲಿ ಚೌಕುಳಿಯ ಬಟ್ಟೆಯ ತುಂಡೊಂದು ಸಿಕ್ಕಿತ್ತು. ಆಮೇಲೆ ಅದನ್ನು ತೋರಿಸಿ ಇದೇನೆಂದು ಕೇಳಿದರೆ ಆರ್ಡಿಸ್ ಕಿತ್ತುಕೊಂಡು, "ಬಂದೂಕು ಒರೆಸೋ ಬಟ್ಟೆ" ಎಂದಿದ್ದಳು. ಬಂದೂಕು ಒರೆಸುವ ಬಟ್ಟೆಯಲ್ಲಿ ಒಂದು ಚುಕ್ಕೆ ಎಣ್ಣೆಯೂ ಇರಲಿಲ್ಲ. ನಾಲ್ಕು ಮಡಿಕೆ ಮಾಡಿ ಪಿನ್ನು ಚುಚ್ಚಿತ್ತು.

ಅಂತೂ ಶನಿವಾರ, ಇನ್ನೂ ಬೆಳಕು ಹರಿಯುವ ಮುಂಚೆ, ಬಂದೂಕು ಹೆಗಲಿಗೆ, ಕೂರಲು ಹಳೇ ಹಾಲಿನ ಬಕೆಟ್ಟು ಕೈಗೆ ತೆಗೆದುಕೊಂಡು ಆರ್ಡಿಸ್ ಹೊರಟಳು. ಮಚಾನು ಹತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಬಕೆಟ್ಟಿನ ಬಗ್ಗೆ ಏನೂ ಹೇಳಿರಲಿಲ್ಲ.

"ಫೋನು ಇಟ್ಕೊಂಡ್ರಾ?"

"ಜಿಂಕೆಗೆ ಫೋನ್ ಮಾಡಿ ಕರೀತಾರೇನೇ?"

ಫೋನು ಅಡುಗೆಮನೆಯಲ್ಲೇ ಉಳಿಯಿತು.

ಏಳೂವರೆಗೆ ನಡೀನ್ ಗಂಜಿಗೆಂದು ಓಟ್ಸ್ ಡಬ್ಬಿಗೆ ಕೈ ಹಾಕಿದಳು. ಕೈಗೆ ತಣ್ಣನೆಯ ಕಬ್ಬಿಣ ಸಿಕ್ಕಿತು. ಬಂದೂಕಿನ ಬೋಲ್ಟ್! ಗುಂಡನ್ನು ಒಳಗೆ ದಬ್ಬಿ ಕೂರಿಸುವ ಆ ಉಕ್ಕಿನ ತುಂಡಿಲ್ಲದಿದ್ದರೆ ಬಂದೂಕು ಬರೀ ದೊಣ್ಣೆ. ಮಗು ಅಂಬೆಗಾಲಿಡುವ ಮನೆಯಲ್ಲಿ ಬಂದೂಕು ಒಂದು ಕಡೆ, ಬೋಲ್ಟು ಒಂದು ಕಡೆ ಇರಲೇಬೇಕೆಂದು ತಿಂಗಳುಗಟ್ಟಲೆ ಹಟ ಹಿಡಿದವಳು ನಡೀನ್ ತಾನೇ? ಹಟಕ್ಕೆ ಸೋತ ಆರ್ಡಿಸ್ ಅದನ್ನು ಡಬ್ಬಿಯಲ್ಲಿ ಹೂತಿಟ್ಟು, ಹೂತಿಟ್ಟದ್ದನ್ನು ಮರೆತಿದ್ದಳು.

ಬಿಡೋಣ, ದೊಣ್ಣೆ ಹಿಡಿದೇ ಕೂತಿರಲಿ, ಕ್ಷೇಮ, ಎಂದಿತು ಒಂದು ಮನಸ್ಸು. ಬೋಲ್ಟಿಗಾಗಿ ಆರ್ಡಿಸ್ ಆ ಇಳಿಜಾರನ್ನು ಎರಡೆರಡು ಸಲ ಹತ್ತಿಳಿದರೆ ಸೊಂಟದ ಗತಿಯೇನು, ಎಂದಿತು ಇನ್ನೊಂದು. ಎರಡನೆಯದೇ ಗೆದ್ದಿತು. ನಡೀನ್ ಹ್ಯಾಟಿಯನ್ನು ಬೆನ್ನಿಗೆ ಕಟ್ಟಿಕೊಂಡು, ಇಬ್ಬರನ್ನೂ ಬಚ್ಚಲಿನ ಕಿತ್ತಳೆ ಬಣ್ಣದ ಟವೆಲ್‌ನಲ್ಲಿ ಸುತ್ತಿ, ಜಿಂಕೆ ಎಂದು ಯಾರೂ ತಪ್ಪು ತಿಳಿಯದಿರಲೆಂದು ಜೋರಾಗಿ ಜೋಗುಳ ಹಾಡುತ್ತಾ ಗುಡ್ಡ ಹತ್ತಿದಳು. ಮುಳ್ಳುಕಂಟಿಗೆ ಪ್ಯಾಂಟು ಹರಿಯಿತು. ಕಡಸುಗಳ ಹಿಂಡೊಂದು ಹಾಡಿಗೆ ಮರುಳಾಗಿ ಬೇಲಿಯುದ್ದಕ್ಕೂ ಹಿಂದೆಯೇ ಬಂತು.

ಗುಡ್ಡದ ನೆತ್ತಿಯಲ್ಲಿ, ಓಕ್ ಮರಕ್ಕೊರಗಿ, ಬೋರಲು ಬಕೆಟ್ಟಿನ ಮೇಲೆ ಆರ್ಡಿಸ್ ಕೂತಿದ್ದಳು.

"ಮೆರವಣಿಗೆ ಎಲ್ಲಿಗೆ ಹೊರಟಿತು?" ಎಂದಳು ಪಿಸುದನಿಯಲ್ಲಿ.

ನಡೀನ್ ಬೋಲ್ಟು ಚಾಚಿದಳು. ಅದಕ್ಕೆ ಓಟ್ಸ್ ಮೆತ್ತಿಕೊಂಡಿತ್ತು. ಆರ್ಡಿಸ್ ಊದಿ, ಒರೆಸಿ, ಏನೂ ಆಗದವಳಂತೆ ಹೇಳಿದಳು: "ಅರ್ಧ ಗಂಟೆ ಹಿಂದೆ ಎಂಟು ಕವಲಿನ ಕೊಂಬಿನವನೊಬ್ಬ ಬಂದಿದ್ದ. ಇಲ್ಲೇ, ಹತ್ತೇ ಮಾರು. ನನ್ನ ನೋಡಿದ, ನನ್ನ ದೊಣ್ಣೆ ನೋಡಿದ, ಪಾಪ ಅಂದ್ಕೊಂಡು ಹೋದ. ನೀನು ಮಗು ಕರ್ಕೊಂಡು ಇಳಿ. ಅವನಿಗೆ ಹಾಡು ಇಷ್ಟ ಇದ್ರೆ ತಿರುಗಿ ಬರ್ತಾನೆ."

ನಡೀನ್ ಮನೆ ಸೇರಿ, ಟವೆಲ್ ಬಿಚ್ಚಿ, ಗಂಜಿ ಬೇಯಿಸಿ ಮಗುವಿಗೆ ಉಣಿಸಿದ್ದಳಷ್ಟೆ. ಢಂ ಎಂದಿತು ಗುಡ್ಡ. ಹಿಂದೆಯೇ ಬಕೆಟ್ಟೊಂದು ಕಲ್ಲಿನಿಂದ ಕಲ್ಲಿಗೆ ಹಾರುತ್ತಾ ಉರುಳುವ ಸದ್ದು, ಬಹಳ ಹೊತ್ತು. ಆಮೇಲೆ ಏನೂ ಇಲ್ಲ.

ನಡೀನ್ ಫೋನನ್ನು ಜೇಬಿಗೆ ತುರುಕಿಕೊಂಡಳು. ಮತ್ತೆ ಟವೆಲ್, ಮತ್ತೆ ಗುಡ್ಡ, ಮತ್ತೆ ಕಡಸುಗಳು. ಈ ಸಲ ಜೋಗುಳದ ಬದಲು "ಆರ್ಡಿಸ್! ಆರ್ಡಿಸ್!" ಎಂದೇ ಕೂಗುತ್ತಾ ಹತ್ತಿದಳು.

ಓಕ್ ಮರದಡಿ ಯಾರೂ ಇಲ್ಲ. ಗುಡ್ಡದ ಆಚೆ ಮಗ್ಗುಲಲ್ಲಿ, ಒಣಗಿದ ಎಲೆಗಳ ಮೇಲೆ ದಿಂಡು ಎಳೆದಂತೆ ಒಂದು ಉದ್ದನೆಯ ಗುರುತು. ಅದರ ತುದಿಯಲ್ಲಿ, ಮುಳ್ಳುತಂತಿ ಬೇಲಿಯ ಕಂಬಕ್ಕೆ ಎರಡೂ ಕಾಲು ಕೊಟ್ಟು, ಬಂದೂಕನ್ನು ಕೊಡೆಯಂತೆ ಮೇಲೆತ್ತಿ ಹಿಡಿದು ಆರ್ಡಿಸ್.

"ಬಿದ್ರಾ?"

"ಬಿದ್ದಿಲ್ಲ. ಕೂತಿದ್ದೀನಿ."

"ಸೊಂಟ?"

"ನನ್ನ ಜೊತೆಗೇ ಕೂತಿದೆ, ಚೆನ್ನಾಗಿದೆ. ಬಕೆಟ್ಟು ಜಾರಿತು, ನಾನು ಅದರ ಹಿಂದೆ ಬಂದೆ, ಅಷ್ಟೇ. ಅಲ್ಲಿ ನೋಡೇ, ಅಲ್ಲಿ!"

ಬೇಲಿಯಾಚೆ ಹದಿನೈದು ಅಡಿ ಕೆಳಗೆ, ಕಟಾವಾದ ಜೋಳದ ಕೂಳೆಯ ನಡುವೆ, ಎಂಟು ಕವಲಿನವನು ಅಂಗಾತ ಬಿದ್ದಿದ್ದ. ಒಂದೇ ಗುಂಡು. ಗುಂಡು ಬಿದ್ದ ಮೇಲೂ ಒಂದು ನೆಗೆತಕ್ಕೆ ಬೇಲಿ ದಾಟಿದ್ದ. ಆ ಹೊಲ ನೆರೆಮನೆಯ ಎಲ್ಡನ್ ಬ್ರೆಕ್ಕೆಯದು.

ಬೇರೆಯವರ ಹೊಲಕ್ಕೆ ಬಿದ್ದ ಜಿಂಕೆಯನ್ನು ಕೇಳದೆ ಮುಟ್ಟುವಂತಿಲ್ಲ. ಆ ಸೀಮೆಯಲ್ಲಿ ಹೆಂಡತಿ ಬಿಟ್ಟವನನ್ನು ಕ್ಷಮಿಸುತ್ತಾರೆ, ಕೇಳದೆ ಬೇಲಿ ದಾಟಿದವನನ್ನು ಕ್ಷಮಿಸುವುದಿಲ್ಲ. ಕೇಳಿದರೆ ಹೊಲದವನೇ ಬಂದು ಜಿಂಕೆಯ ಜೊತೆ ಹೊಡೆದವರ ಮನೆಯವರೆಗೂ ಹೋಗಬೇಕು, ಅದೂ ಪದ್ಧತಿ. ಆದರೆ ಆರ್ಡಿಸ್ ಮತ್ತು ಎಲ್ಡನ್ ಮಾತು ಬಿಟ್ಟು ಒಂಬತ್ತು ವರ್ಷ.

"ಅವನನ್ನ ಕೇಳಬೇಡ, ಕರ್ಟ್‌ನ ಕರೀಬೇಡ, ಆಂಬುಲೆನ್ಸ್ ಅಂತೂ ಬೇಡವೇ ಬೇಡ. ನಾನೇ ಹತ್ತುತೀನಿ." ಕಂಬ ಹಿಡಿದು ಎದ್ದಳು. ಎರಡು ಹೆಜ್ಜೆ ಏರಿದಳು. ಎಲೆಗಳ ಮೇಲೆ ಸೊರ್ರನೆ ಜಾರಿ ಮತ್ತೆ ಕಂಬಕ್ಕೇ ಬಂದು ಕೂತಳು.

"ಇದೂ ಬಿದ್ದದ್ದಲ್ಲ," ಎಂದಳು.

ಬಿಸಿಲು ಏರುತ್ತಿತ್ತು. ಕರುಳು ತೆಗೆಯದೆ ಹೊತ್ತು ಕಳೆದರೆ ಮಾಂಸ ಕೆಡುತ್ತದೆ. ಬೆನ್ನ ಮೇಲೆ ಮಗು ಹೊತ್ತ ನಡೀನ್ ಇವಳನ್ನು ಎಳೆಯುವಂತಿಲ್ಲ. ಕರ್ಟ್‌ನನ್ನು ಕರೆದರೆ ಬಂದೂಕು ಬೀರುಗೆ. ಇವಳು ಮತ್ತೆ ಕಿಟಕಿಗೆ.

"ಎಲ್ಡನ್ ಜೊತೆ ಜಗಳ ಯಾತಕ್ಕೆ?"

ಆರ್ಡಿಸ್ ಜಿಂಕೆಯನ್ನೇ ನೋಡುತ್ತಾ ಹೇಳಿದಳು. "ಗುರಿ ತಪ್ಪಿದವನ ಅಂಗಿಬಾಲ ಕತ್ತರಿಸಿ ಗೋಡೆಗೆ ಹೊಡೀತೀವಲ್ಲ."

ನಡೀನ್ ನೋಡಿದ್ದಳು. ಕೊಟ್ಟಿಗೆಯ ಗೋಡೆಯ ತುಂಬ ಅಂಗಿಯ ಹಿಂತುದಿಗಳು, ಒಂದೊಂದಕ್ಕೂ ಹೆಸರು, ಇಸವಿ. ನಾಲ್ಕರ ಮೇಲೆ ಆರ್ಡಿಸ್‌ಳದೇ ಹೆಸರಿತ್ತು. ಒಂದು ಮೊಳೆ ಮಾತ್ರ ಖಾಲಿ.

"ಇಪ್ಪತ್ತು ಹೆಜ್ಜೇಲಿ ನಿಂತಿದ್ದ ಜಿಂಕೆ, ಎಲ್ಡನ್ ಗುರಿ ತಪ್ಪಿಸ್ದ. ನಾನು ಕುರಿ ಕತ್ತರಿ ತಗೊಂಡು ಕಚಕ್ ಅನ್ನಿಸ್ದೆ. ಎಲ್ಲರೂ ನಕ್ರು, ಅವನು ನಗಲಿಲ್ಲ. ಆಮೇಲೆ ಗೊತ್ತಾಯ್ತು, ಅವನ ಹೆಂಡತಿ ಲೋರ್ನಾ ಸಾಯೋಕೆ ಮುಂಚೆ ಹೊಲಿದ ಕೊನೇ ಅಂಗಿ ಅಂತೆ."

"ನೀಲಿ ಚೌಕುಳಿ," ಎಂದಳು ನಡೀನ್.

"ವರ್ಷಾ ವರ್ಷಾ ಜೇಬಲ್ಲಿಟ್ಕೊಂಡು ಈ ಬೇಲೀವರೆಗೂ ಬರ್ತೀನಿ. ಅವನು ಆ ಕಡೆ ತಿರುಗ್ತಾನೆ, ನಾನು ಈ ಕಡೆ ತಿರುಗ್ತೀನಿ." ಆರ್ಡಿಸ್ ಜಾಕೆಟ್ಟಿನ ಎದೆಯನ್ನು ತಟ್ಟಿಕೊಂಡಳು. "ಈಗ ಅದಕ್ಕೂ ನಿನ್ನ ಮಗೂನ ಸೋಪಿನ ವಾಸನೆ."

ಮಕ್ಕಳ ಡಾಕ್ಟರಿಗೆ ಫೋನ್ ಮಾಡುವ ಮುನ್ನವೂ ಹೇಳಬೇಕಾದ್ದನ್ನು ಚೀಟಿಯಲ್ಲಿ ಬರೆದುಕೊಳ್ಳುವವಳು ನಡೀನ್. ಇಲ್ಲಿ ಚೀಟಿಯೂ ಇಲ್ಲ, ಪೆನ್ನೂ ಇಲ್ಲ. ಕರ್ಟ್ ಹೇಳಿದ್ದು ನೆನಪಾಯಿತು: ನಿನ್ನ ಇಳಿಸೋಕೆ ಅಂತ ಯಾರನ್ನಾದ್ರೂ ಕರೆದರೆ. ಜಿಂಕೆಯನ್ನು ಇಳಿಸಲು ಕರೆದರೆ?

ನಂಬರಿಗಾಗಿ ಅವಳು ಬೇಲಿಯ ಕಂಬವನ್ನೇ ನೋಡಿದಳು. ಅಲ್ಲಿ ಹೊಡೆದ ತಗಡಿನ ಮೇಲೆ ಬರೆದಿತ್ತು: ಕೇಳದೆ ಒಳಗೆ ಬರಬೇಡಿ. ಎ. ಬ್ರೆಕ್ಕೆ. ಕೆಳಗೆ ಫೋನ್ ನಂಬರು.

"ಏನೇ ಮಾಡ್ತಿದ್ದೀಯ?"

"ಕೇಳ್ತಿದ್ದೀನಿ."

ನಾಲ್ಕು ಸಲ ರಿಂಗಾಯಿತು. ಐದನೆಯದಕ್ಕೆ ಮುಂಚೆ ಕತ್ತರಿಸಿಬಿಡಲೇ ಎಂದು ಬೆರಳು ತವಕಿಸಿತು.

"ಬ್ರೆಕ್ಕೆ," ಎಂದಿತು ಗೊಗ್ಗರು ದನಿ.

"ಎಲ್ಡನ್ ಅವರೇ, ನಾನು ನಡೀನ್, ಪಕ್ಕದ ಮನೆ ಸೊಸೆ. ತೊಂದ್ರೆ ಕೊಡ್ತಿದ್ದೀನಿ, ಕ್ಷಮಿಸಿ. ನಮ್ಮದೊಂದು ಜಿಂಕೆ ನಿಮ್ಮ ಜೋಳದ ಹೊಲಕ್ಕೆ ಬಂದಿದೆ. ಸತ್ತಿದೆ. ತಗೋಬಹುದಾ ಅಂತ ಕೇಳೋಕೆ ಫೋನ್ ಮಾಡ್ದೆ."

"ಹೊಡೆದದ್ದು ಯಾರು?"

"ಆರ್ಡಿಸ್."

"ಎಷ್ಟು ಗುಂಡು?"

"ಒಂದೇ."

"ಹೂಂ. ಒಂದೇ ಕೇಳಿಸ್ತು ನಂಗೂ. ಅವಳೆಲ್ಲಿ?"

"ಇಲ್ಲೇ ಬೇಲಿ ಹತ್ರ. ಕೂತಿದ್ದಾರೆ."

"ಬಿದ್ದಳಾ?"

"ಇಲ್ಲ," ಎಂದಳು ನಡೀನ್. "ಕೂತಿದ್ದಾರೆ."

"ಟ್ರ್ಯಾಕ್ಟರ್ ತರ್ತೀನಿ. ಹಿಂದೆ ಗಾಡಿ ಇರತ್ತೆ. ಜಿಂಕೆ ಪಕ್ಕ ಜಾಗ ಮಿಗತ್ತೆ. ಯಾರಿಗಾದ್ರೂ ಅದನ್ನ ಕಾಯ್ಕೊಂಡು ಕೂರಬೇಕು ಅನ್ನಿಸಿದ್ರೆ, ಕೂರ್ಲಿ."

"ಏನಂತೆ?" ಬೇಲಿಯ ಬುಡದಿಂದ ಆರ್ಡಿಸ್ ಕೂಗಿದಳು. ಅವಳ ಕೈ ಒಳಜೇಬಿಗೆ ಹೋಗಿತ್ತು. "ಬರ್ತಾನಂತಾ? ಹಾಗಾದ್ರೆ ಆ ಅಂಗಿ ಇನ್ನೂ ಇದ್ರೆ ತರೋಕ್ಹೇಳು! ಹೊಲಿದು ಕೊಡ್ತೀನಿ!"

ಆ ಕೂಗು ಫೋನಿನ ಆಚೆಗೂ ಕೇಳಿಸಿತ್ತು.

"ಬೇಟೆ ಶುರುವಾದ ದಿನ ನಾನು ಇನ್ಯಾವ ಅಂಗಿ ಹಾಕ್ತೀನಿ?" ಎಂದ ಎಲ್ಡನ್. "ಮೈಮೇಲೇ ಇದೆ ಅಂತ ಹೇಳಮ್ಮ."