ಸಣ್ಣ ತಲೆಯ ಬ್ಯಾಟು ಹೇಳಿದ್ದು

ನನ್ನ ಬಳಿ ಎರಡು ಬ್ಯಾಟುಗಳಿವೆ. ಒಂದರ ತಲೆ ಸಣ್ಣದು, ಇನ್ನೊಂದರದು ದೊಡ್ಡದು. ಆದೋನಿಯ ಕಾಲೇಜು ಮೈದಾನದಲ್ಲಿ ಬೆಳಿಗ್ಗೆ ಏಳಕ್ಕೆ ಬಾಲ್ ಬ್ಯಾಡ್ಮಿಂಟನ್ ಆಡುವ ನಮ್ಮ ಗುಂಪಿನಲ್ಲಿ ಸಣ್ಣ ತಲೆಯ ಮರದ ಬ್ಯಾಟು ಹಿಡಿದು ಬರುವವನು ಈಗ ನಾನೊಬ್ಬನೇ. ಉಳಿದವರೆಲ್ಲ ಹಗುರವಾದ, ಅಗಲ ತಲೆಯ ಹೊಸ ಬ್ಯಾಟಿಗೆ ಹೋಗಿದ್ದಾರೆ. ನಾನೂ ಹೋಗಿದ್ದೆ, ವಾಪಸು ಬಂದೆ. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ಬಾಯಿಗೆ ಬಂದ ಉತ್ತರ ಕೊಟ್ಟು ಸಾಗಹಾಕಿದ್ದೇನೆ. ನಿಜ ಹೇಳಲು ನಾಚಿಕೆ. ಇಲ್ಲಿ ಹೇಳಿಬಿಡುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಗರಿಯ ಕಾಕ್ ಇಲ್ಲ, ಹಳದಿ ಉಣ್ಣೆಯ ಚೆಂಡು. ಒಂದು ಕಡೆಗೆ ಐದು ಜನ. ನಮ್ಮ ಕಡೆಯ ಗಾಳಿಗೆ ಕಾಕ್ ನಿಲ್ಲುವುದಿಲ್ಲ, ಉಣ್ಣೆಯ ಚೆಂಡು ನಿಲ್ಲುತ್ತದೆ. ಹಾಗಾಗಿ ಹೈಸ್ಕೂಲಿನಿಂದ ಇದನ್ನೇ ಆಡಿಕೊಂಡು ಬಂದವರು ನಾವು. ನನ್ನ ಹಳೆಯ ಬ್ಯಾಟಿನ ತಲೆ ಎಷ್ಟು ಸಣ್ಣದೆಂದರೆ, ಅದರ ನಡುವೆ ಅಂಗೈಯಗಲ ಜಾಗದಲ್ಲಿ ಚೆಂಡು ಬಿದ್ದರೆ ಮಾತ್ರ ಹೊಡೆತ. ಒಂದು ಬೆರಳಷ್ಟು ಆಚೆ ಬಿದ್ದರೂ ಚೆಂಡು ಕಾಲಬುಡಕ್ಕೆ ಬರುತ್ತದೆ.

ಎರಡು ವರ್ಷದ ಹಿಂದೆ ದಸರೆಗೆ ಬಂದ ಮಗಳು ಹೊಸ ಬ್ಯಾಟು ತಂದಳು. ಆಕೆ ಪತ್ತಿಕೊಂಡದಲ್ಲಿ ಟೀಚರು. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ಬ್ಯಾಟೋ ಜರಡಿಯೋ?" ಎಂದೆ.

ನನ್ನ ಹೆಂಡತಿ ಒಳಗಿನಿಂದಲೇ, "ಬ್ಯಾಡಂದ್ರ ಕೊಡ್ರಿ ಇಲ್ಲಿ, ಜ್ವಾಳದ ಹಿಟ್ಟು ಸಾಣಿಸ್ತೀನಿ. ನಿಮ್ಮ ಹಳೇದು ಸೌಟು ಆದಂಗೈತಿ, ಅದೂ ಅಡಗಿ ಮನಿಗೇ ಬರ್ಲಿ" ಎಂದಳು.

ಮಗಳ ಮನಸ್ಸು ನೋಯಿಸಬಾರದೆಂದು ಒಂದು ದಿನ ತೆಗೆದುಕೊಂಡು ಹೋದೆ. ಸುಳ್ಳು ಯಾಕೆ ಹೇಳಲಿ, ಮೊದಲ ದಿನವೇ ಮರುಳಾದೆ. ಚೆಂಡು ಎಲ್ಲಿ ತಗುಲಿದರೂ ಹೋಗುತ್ತಿತ್ತು. ನಡುವೆ ಬಿದ್ದರೂ ಸೈ, ಅಂಚಿಗೆ ಬಿದ್ದರೂ ಸೈ. ಐವತ್ತೇಳನೆಯ ವಯಸ್ಸಿನಲ್ಲಿ ನನ್ನ ಆಟ ಸುಧಾರಿಸಿದೆ ಎಂದು ಎದೆ ಉಬ್ಬಿಸಿಕೊಂಡು ಓಡಾಡಿದೆ. ಹಳೆಯ ಬ್ಯಾಟು ಅಟ್ಟ ಸೇರಿತು.

ಇನ್ನು ನನ್ನ ಕೆಲಸದ ವಿಷಯ. ನಮ್ಮದು ಹತ್ತಿ ದಲಾಲಿ, ಅಪ್ಪನ ಕಾಲದಿಂದ. ಸುತ್ತಲಿನ ರೈತರು ಹತ್ತಿ ತರುತ್ತಾರೆ, ನಾನು ನೋಡಿ ಇಂಥ ದರ್ಜೆ ಎನ್ನುತ್ತೇನೆ, ಮಿಲ್ಲಿನವರು ಆ ಮಾತಿನ ಮೇಲೆ ಕೊಳ್ಳುತ್ತಾರೆ. ಈಗ ಯಂತ್ರಗಳು ಬಂದಿವೆ, ಆದರೂ ಮೊದಲ ಮಾತು ಕೈ ಮತ್ತು ಕಣ್ಣಿನದೇ. ಎರಡು ಹೆಬ್ಬೆರಳ ನಡುವೆ ಒಂದು ಚಿಟಿಕೆ ಹತ್ತಿ ಹಿಡಿದು ಎಳೆದರೆ ಎಳೆಯ ಉದ್ದ ತಿಳಿಯುತ್ತದೆ. ಬಿಸಿಲಿಗೆ ಹಿಡಿದರೆ ಬಣ್ಣ ತಿಳಿಯುತ್ತದೆ. ಬೆಳಗಿನ ಇಬ್ಬನಿ ಆರುವ ಮೊದಲೇ ಬಿಡಿಸಿದ ಹತ್ತಿ ಚೀಲದಲ್ಲಿ ಬೆಂದು ಹಳದಿಗೆ ತಿರುಗುತ್ತದೆ. ಅದನ್ನು ದೂರದಿಂದಲೇ ಕಂಡುಹಿಡಿಯುತ್ತೇನೆಂಬುದು ನನ್ನ ಜಂಬ.

ಆ ಪುಷ್ಯ ಮಾಸದಲ್ಲಿ ಆಲೂರು ಕಡೆಯ ಒಬ್ಬ ರೈತ ಹತ್ತಿ ತಂದ. ಇಪ್ಪತ್ತು ವರ್ಷದಿಂದ ನಮ್ಮ ಅಂಗಡಿಗೇ ತರುವವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು, ಮಾತು ಕಡಿಮೆ. ಚೀಲ ಬಿಚ್ಚಿ ನೋಡಿದೆ. ಎಳೆ ಚೆನ್ನಾಗಿತ್ತು, ಬೆರಳಿಗೆ ಗೊತ್ತಾಯಿತು. ಬಣ್ಣ ಮಾತ್ರ ಹಳದಿ.

"ಇಬ್ಬನ್ಯಾಗ ಬಿಡಿಸೀರಿ" ಎಂದೆ.

"ಇಲ್ರಿ ಸಾವ್ಕಾರ್ರೆ. ನಮ್ಮಾಕಿ ಬಿಸಿಲೇರೋತನ ಹೊಲಕ್ಕ ಇಳಿಯಂಗಿಲ್ಲ."

"ಅಂದ್ರ ನನ್ನ ಕಣ್ಣು ಸುಳ್ಳೇನು?"

ಸುತ್ತ ನಾಲ್ಕು ಜನ ನಿಂತಿದ್ದರು. ಅವನು ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ನೀವು ಹಳದಿ ಅಂದ ಮ್ಯಾಲ ಹಳದಿನೇ ಇರ್ಬೇಕು ಬಿಡ್ರಿ" ಎಂದು ಕಡಿಮೆ ದರ್ಜೆಗೇ ಒಪ್ಪಿ ಹೋದ. ತಕರಾರು ಬಂದ ಹತ್ತಿಯಲ್ಲಿ ಒಂದು ಹಿಡಿ ತೆಗೆದು, ಕಾಗದದಲ್ಲಿ ಸುತ್ತಿ, ಊರು ತಾರೀಕು ಬರೆದು ಕಪಾಟಿನಲ್ಲಿಡುವುದು ಅಪ್ಪ ಹಾಕಿಕೊಟ್ಟ ಪದ್ಧತಿ. ಅದರಂತೆ ಒಂದು ಹಿಡಿ ಇಟ್ಟೆ. ಆ ಹಂಗಾಮಿನಲ್ಲಿ ಕಪಾಟು ಬೇಗ ತುಂಬುತ್ತಿತ್ತು. ಈ ವರ್ಷ ಎಲ್ಲರೂ ಅವಸರದವರೇ, ಇಬ್ಬನಿಯಲ್ಲೇ ಬಿಡಿಸುತ್ತಾರೆ ಎಂದು ಗೊಣಗಿಕೊಂಡೆ.

ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಹೊಸ ಬ್ಯಾಟಿನ ನರ, ಅಂದರೆ ತಲೆಗೆ ಹೆಣೆದ ದಾರ, ಹರಿಯಿತು. ಹೊಸ ನರ ಹಾಕಿಸಲು ಬಳ್ಳಾರಿಗೆ ಕಳಿಸಬೇಕು. ಅಷ್ಟು ದಿನ ಸುಮ್ಮನೆ ಕೂರಲಾಗದೆ ಅಟ್ಟದ ಮೇಲಿನ ಹಳೆಯ ಬ್ಯಾಟು ಇಳಿಸಿ, ಧೂಳು ಒರೆಸಿ ಒಯ್ದೆ.

ಮೊದಲ ಚೆಂಡು ಅಂಚಿಗೆ ತಗುಲಿ ಪಕ್ಕಕ್ಕೆ ಹಾರಿತು. ಎರಡನೆಯದು ತಗುಲಲೇ ಇಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿದೆ ಎಂದು ಅಂಕಣದ ಆ ಬದಿಗೆ ಹೋದೆ. ಅಲ್ಲೂ ಅದೇ. ಚೆಂಡು ಹಳೆಯದು, ಉಣ್ಣೆ ಕಿತ್ತಿದೆ ಎಂದು ಬೈದೆ. ಹೊಸ ಚೆಂಡು ತೆಗೆದರು. ಅದೂ ನನ್ನ ಬ್ಯಾಟಿನ ಪಕ್ಕದಿಂದ ಹಾದುಹೋಯಿತು. ಎದುರಿನವರು ನಗತೊಡಗಿದರು. ನನಗೆ ಮೈಯೆಲ್ಲ ಉರಿದುಹೋಗಿ ಬ್ಯಾಟು ನೆಲಕ್ಕೆ ಒಗೆಯುವಷ್ಟು ಸಿಟ್ಟು ಬಂತು.

ಬಲೆಯ ಹತ್ತಿರ ಆಡುತ್ತಿದ್ದ ಗೆಳೆಯ ಮಾತ್ರ ನಗಲಿಲ್ಲ. ಅವನು ಕುರಿ ಸಾಕುವ ಮನೆಯವನು, ಬಸ್ ಡ್ರೈವರಾಗಿ ನಿವೃತ್ತನಾದವನು, ನಲವತ್ತು ವರ್ಷದ ಜೊತೆಗಾರ. ನನ್ನನ್ನು ಬೇವಿನ ಮರದ ಕೆಳಗೆ ಕರೆದೊಯ್ದು ಕೂರಿಸಿದ.

"ಏನಾಯ್ತಪ್ಪಾ ನಿನಗ? ಎಡಗಣ್ಣು ಮುಚ್ಚು. ಆ ಕಂಬದ ಮ್ಯಾಲ ಏನು ಬರದೈತಿ, ಓದು."

"ಯಾವ ಕಂಬ?" ಎಂದೆ. ತಮಾಷೆಗೆ ಹೇಳಿದ್ದಲ್ಲ. ಬಲಗಣ್ಣಿಗೆ ಕಂಬವೇ ಸರಿಯಾಗಿ ಕಾಣಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ ಎಲ್ಲ ಮಸುಕು.

ಅವನು ನನ್ನ ಕೈಯಿಂದ ಬ್ಯಾಟು ತೆಗೆದುಕೊಂಡ. "ಬಸ್ಸು ಬಿಡೋವಾಗ ನಮಗ ವರ್ಷ ವರ್ಷಾ ಕಣ್ಣು ನೋಡ್ತಿದ್ರು. ಹತ್ತಿ ನೋಡೋರಿಗೆ ಯಾರೂ ನೋಡಂಗಿಲ್ಲೇನು?" ಎಂದ.

ಆಗ ನನಗೆ ಭಯವಾಯಿತು. ಕುರುಡನಾಗುತ್ತೇನೆಂಬ ಭಯವಲ್ಲ, ಪೊರೆ ಬಂದರೆ ತೆಗೆಸುತ್ತಾರೆಂದು ನನಗೂ ಗೊತ್ತು. ಆ ಹಂಗಾಮಿನಲ್ಲಿ ನಾನು ಹಳದಿ ಎಂದ ಚೀಲಗಳೆಲ್ಲ ಕಣ್ಣ ಮುಂದೆ ಬಂದು ನಿಂತವು. ದೊಡ್ಡ ಬ್ಯಾಟು ನಾಲ್ಕು ತಿಂಗಳು ನನ್ನ ತಪ್ಪನ್ನೆಲ್ಲ ಹೊಟ್ಟೆಗೆ ಹಾಕಿಕೊಂಡಿತ್ತು. ಸಣ್ಣದು ಮೊದಲ ದಿನವೇ ಹೇಳಿಬಿಟ್ಟಿತು.

ಬಳ್ಳಾರಿಯ ಕಣ್ಣಿನ ಡಾಕ್ಟರು ಎರಡೂ ಕಣ್ಣಲ್ಲಿ ಪೊರೆಯಿದೆ, ಬಲಗಡೆ ಬಲಿತಿದೆ ಎಂದರು. ಬಲಗಣ್ಣಿನ ಆಪರೇಷನ್ ಆಯಿತು. ಕೆಲವು ದಿನ ಕಪ್ಪು ಕನ್ನಡಕ ಹಾಕಿಕೊಂಡು ಮನೆಯಲ್ಲಿ ಕೂತೆ. ಅದು ತೆಗೆಯುತ್ತಲೇ ಅಂಗಡಿಗೆ ಹೋಗಿ ಕಪಾಟು ತೆರೆದು, ಆಲೂರು ಕಡೆಯ ಆ ಪೊಟ್ಟಣ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದೆ. ಎಡಗಣ್ಣಿನಲ್ಲಿ ನೋಡಿದರೆ ತುಪ್ಪದ ಬಣ್ಣ. ಬಲಗಣ್ಣಿನಲ್ಲಿ ನೋಡಿದರೆ ಅಪ್ಪಟ ಬಿಳಿ. ನಾಲ್ಕು ಸಲ ಕಣ್ಣು ಬದಲಿಸಿ ನೋಡಿದೆ. ಕೈಯಲ್ಲಿದ್ದದ್ದು ಅದೇ ಒಂದು ಹಿಡಿ ಹತ್ತಿ. ಅಂದು ಬೆರಳು ಸರಿಯಾಗಿಯೇ ಹೇಳಿತ್ತು, ನಾನು ಕಣ್ಣಿನ ಮಾತು ಕೇಳಿದೆ. ಅಂಗಡಿಯಲ್ಲಿ ಯಾರೂ ಇರಲಿಲ್ಲ, ಕುರ್ಚಿಯಲ್ಲಿ ಕೂತು ಅತ್ತೆ.

ಉಳಿದ ಪೊಟ್ಟಣಗಳನ್ನೂ ನೋಡಿದೆ. ಎರಡು ನಿಜಕ್ಕೂ ಹಳದಿ, ಮಿಕ್ಕವೆಲ್ಲ ಬಿಳಿ. ಆ ರೈತರಿಗೆಲ್ಲ ಕಮ್ಮಿ ಬಿದ್ದದ್ದನ್ನು ಸರಿಮಾಡಿದೆ, ಆ ಮಾತು ಅಲ್ಲಿಗೆ ಬಿಡೋಣ. ಆದರೆ ಆಲೂರು ಕಡೆಯ ಆ ರೈತನ ಮನೆಗೆ ನಾನೇ ಹೋಗಬೇಕೆನಿಸಿತು. ಗೆಳೆಯ ತನ್ನ ಮೋಟಾರ್ ಸೈಕಲ್ ಮೇಲೆ ಕರೆದೊಯ್ದ.

ರೈತ ಮನೆಯೆದುರು ಎತ್ತುಗಳಿಗೆ ನೀರು ಕುಡಿಸುತ್ತಿದ್ದ. ಕಿವಿ ಸ್ವಲ್ಪ ಮಂದವಾಗಿದೆಯೆಂದು ಅಂದೇ ನನಗೆ ತಿಳಿದದ್ದು. ನಮ್ಮನ್ನು ಕಂಡು ಕೈ ಮುಗಿದು, ಕೂತುಕೊಳ್ಳಿ ಎಂದು ಕಟ್ಟೆ ತೋರಿಸಿ, ಬಕೆಟ್ಟು ಮುಗಿಸಿ ಬರುತ್ತೇನೆಂದು ಸನ್ನೆ ಮಾಡಿದ. ಒಳಗಿನಿಂದ ಅವನ ಹೆಂಡತಿ ನೀರು ತಂದಿಟ್ಟಳು. ಮುಖ ಬಿಗಿದುಕೊಂಡಿತ್ತು. ನಾನು ಪೊಟ್ಟಣ ತೆಗೆದು ಆಕೆಯ ಮುಂದೆ ಬಿಚ್ಚಿ, ಕಣ್ಣಿನ ಸಂಗತಿಯನ್ನೆಲ್ಲ ಹೇಳಿದೆ.

"ತಪ್ಪು ನಂದು ಅಕ್ಕಾ. ಹತ್ತಿ ಚೆನ್ನಾಗಿತ್ತು."

ಆಕೆ ಪೊಟ್ಟಣ ಮುಟ್ಟಲಿಲ್ಲ. "ಆವತ್ತು ಇವರು ಮನಿಗೆ ಬಂದು ನನಗ ಅಂದ್ರು, ಮುವ್ವತ್ತು ವರ್ಷ ಹತ್ತಿ ಬಿಡಿಸಿದಾಕಿಗೆ ಇಬ್ಬನಿ ಯಾವುದು ಬಿಸಿಲು ಯಾವುದು ಗೊತ್ತಾಗಂಗಿಲ್ಲೇನು ಅಂತ. ನಾ ಹೇಳೀನಿ, ಬಿಸಿಲೇರಿದ ಮ್ಯಾಲೇ ಬಿಡಿಸೀನಿ ಅಂತ. ಸಾವ್ಕಾರ್ರ ಕಣ್ಣು ಸುಳ್ಳಾ, ನೀ ಸುಳ್ಳಾ ಅಂದ್ರು. ಎರಡು ತಿಂಗಳಾತು, ನನ್ನ ಹೊಲಕ್ಕ ಕರದೇ ಇಲ್ಲ. ಕೂಲಿಯೋರನ್ನ ಹಚ್ಚಿ ಕಡೀ ಸರ್ತಿ ಹತ್ತಿ ಬಿಡಿಸ್ಯಾರ."

ನಾನು ಚೀಲದ ಮುಂದೆ ನಿಂತು ಆಡಿದ ಒಂದು ಮಾತು ಈ ಮನೆಯೊಳಗೆ ಬಂದು ಎರಡು ತಿಂಗಳು ಕೂತಿತ್ತು.

ಆಕೆ ಆಮೇಲೆ ಪೊಟ್ಟಣದಿಂದ ಒಂದು ಚಿಟಿಕೆ ಹತ್ತಿ ತೆಗೆದು, ನನ್ನ ಬಲಗಣ್ಣಿನ ಮುಂದೆ ಹಿಡಿದಳು.

"ಈಗ ಹೇಳ್ರಿ ಸಾವ್ಕಾರ್ರೆ, ಯಾವ ಬಣ್ಣ?"

"ಬಿಳಿ ಐತಕ್ಕಾ."

"ಜೋರಾಗಿ ಹೇಳ್ರಿ" ಎಂದಳು ಎತ್ತುಗಳ ಕಡೆ ನೋಡುತ್ತ. "ಅವರಿಗೆ ಕಿವಿ ಮಂದ."

ನಾನು ಕಟ್ಟೆಯಿಂದ ಎದ್ದು ನಿಂತು, ಓಣಿಗೆಲ್ಲ ಕೇಳುವ ಹಾಗೆ ಕೂಗಿ ಹೇಳಿದೆ. ಅವನು ಬಕೆಟ್ಟು ಕೆಳಗಿಟ್ಟು, ನನ್ನನ್ನಲ್ಲ, ಆಕೆಯನ್ನು ನೋಡಿದ.