ಯಾರೂ ಬಾಜಿ ಕಟ್ಟದ ರೇಸು

ನನ್ನ ಹೆಂಡತಿ ತನ್ನ ಒಬ್ಬಳೇ ತಂಗಿಯ ಮದುವೆಯನ್ನು ಪರ್ತ್‌ನ ನಮ್ಮ ಮನೆಯ ಊಟದ ಮೇಜಿನ ಮುಂದೆ ಕೂತು ಲ್ಯಾಪ್‌ಟಾಪಿನಲ್ಲಿ ನೋಡಿದಳು. ಬೆಳಿಗ್ಗೆಯೇ ತಲೆಗೆ ಸ್ನಾನ ಮಾಡಿ, ಮದುವೆಗೆಂದೇ ತೆಗೆದಿಟ್ಟಿದ್ದ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಅತ್ತ ಮೈಸೂರಿನ ಛತ್ರದಲ್ಲಿ ಯಾರೋ ಹುಡುಗಿ ಫೋನ್ ಹಿಡಿದು ನಿಂತಿದ್ದಳು. ಧಾರೆಯ ಹೊತ್ತಿಗೆ ಸರಿಯಾಗಿ ಅವಳ ಕೈ ಅತ್ತಿತ್ತ ಸರಿದು, ನಮಗೆ ಪುರೋಹಿತರ ಬೆನ್ನು ಬಿಟ್ಟು ಬೇರೇನೂ ಕಾಣಲಿಲ್ಲ. ಇವಳು ಆ ಬೆನ್ನಿಗೇ ಅಕ್ಷತೆ ಹಾಕಿದಳು. ನಾನು ಪಕ್ಕದಲ್ಲಿ ಕಳ್ಳನ ಹಾಗೆ ನಿಂತಿದ್ದೆ.

ಹಾಗೇನು, ಕಳ್ಳನೇ. ಊರಿಗೆ ಹೋಗುವ ಟಿಕೆಟ್ಟಿಗೆಂದು ಇಬ್ಬರೂ ಸೇರಿ ಎತ್ತಿಟ್ಟಿದ್ದ ದುಡ್ಡನ್ನು ನಾನು ನಾಯಿಗಳ ಮೇಲೆ ಕಳೆದಿದ್ದೆ. ನಾಯಿ ಅಂದರೆ ಬಾಲ ಇರುವ ನಿಜವಾದ ನಾಯಿಗಳೇ. ಮೈಸೂರಿನಲ್ಲಿ ಹುಟ್ಟಿ ಬೆಳೆದು, ರೇಸ್ ಕೋರ್ಸಿನ ಕಾಂಪೌಂಡಿನ ಪಕ್ಕದಲ್ಲೇ ನಾಲ್ಕು ವರ್ಷ ಇಂಜಿನಿಯರಿಂಗ್ ಕಾಲೇಜಿಗೆ ಓಡಾಡಿದರೂ ಒಂದು ಕುದುರೆಯ ಮುಖ ನೋಡದವನು ನಾನು. ಅದು ನನಗೆ ದೊಡ್ಡ ಜಂಬ ಬೇರೆ. ಇಲ್ಲಿಗೆ ಬಂದ ಮೇಲೆ ಆಫೀಸಿನವರ ಜೊತೆ ತಮಾಷೆಗೆ ಫುಟ್ಬಾಲ್ ಮೇಲೆ ಬಾಜಿ ಕಟ್ಟಲು ಶುರುಮಾಡಿದೆ. ಆಮೇಲೆ ಎಲ್ಲವೂ ಫೋನಿನಲ್ಲೇ ಬಂತು. ಹೆಸರೇ ಕೇಳದ ಯಾವುದೋ ಊರಿನಲ್ಲಿ ಐದೈದು ನಿಮಿಷಕ್ಕೊಮ್ಮೆ ನಾಯಿಗಳು ಓಡುತ್ತವೆ, ನಾನು ಇಲ್ಲಿ ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಂತು ಗೆಲ್ಲುತ್ತಿದ್ದೇನೆ, ಸೋಲುತ್ತಿದ್ದೇನೆ. ಹಾಳಾದ್ದು, ಯಾವಾಗ ಕೈ ಮೀರಿತೋ ನನಗೇ ಗೊತ್ತಾಗಲಿಲ್ಲ.

ಮದುವೆ ಮುಗಿದ ಸಂಜೆ ಅವಳು ಸೀರೆ ಮಡಚಿಟ್ಟು ಬಂದು ನನ್ನೆದುರು ಕೂತಳು. ಕೂಗಾಡಿದ್ದರೆ ನನಗೆ ಸುಲಭವಾಗುತ್ತಿತ್ತು, ನಾನೂ ನಾಲ್ಕು ಮಾತು ಕೂಗಬಹುದಿತ್ತು. ಅವಳು ಕೂಗಲಿಲ್ಲ.

"ಬೆಟ್ಟಿಂಗ್ ನಡೆಯೋ ಯಾವ ಆಟಾನೂ ನೀವಿನ್ನು ನೋಡೋ ಹಾಗಿಲ್ಲ. ಕಟ್ಟೋ ಮಾತು ಬಿಡಿ, ನೋಡೋದೇ ಬೇಡ. ನೋಡಿದ್ರೆ ನಿಮ್ಮ ಕೈ ಸುಮ್ನಿರಲ್ಲ. ಇದಕ್ಕೆ ಒಪ್ಪಿದ್ರೆ ಇರ್ತೀನಿ. ಇಲ್ದಿದ್ರೆ ಮಗೂನ ಕರ್ಕೊಂಡು ಊರಿಗೆ ಹೋಗ್ತೀನಿ," ಅಂದಳು.

ಒಪ್ಪಿದೆ. ಫೋನಿನಲ್ಲಿದ್ದದ್ದನ್ನೆಲ್ಲ ಅವಳೆದುರೇ ಅಳಿಸಿ ಹಾಕಿದೆ. ಅವಳು ಸುಮ್ಮನೆ ಹೆದರಿಸುತ್ತಿರಲಿಲ್ಲ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು.

ಮಾತೇನೋ ಕೊಟ್ಟೆ, ಶನಿವಾರ ಬಂತು. ಟಿವಿ ಮುಂದೆ ಕೂತೆ. ಕ್ರಿಕೆಟ್ ನೋಡುವ ಹಾಗಿಲ್ಲ. ಫುಟ್ಬಾಲ್ ಇಲ್ಲ, ಟೆನಿಸ್ ಇಲ್ಲ, ಗಾಲ್ಫ್ ಇಲ್ಲ. ಸರಿ, ಅಡುಗೆ ಸ್ಪರ್ಧೆ ನೋಡೋಣ ಅಂದುಕೊಂಡರೆ ಅದರಲ್ಲಿ ಯಾರು ಗೆಲ್ಲುತ್ತಾರೆ ಅನ್ನುವುದಕ್ಕೂ ಬೆಟ್ಟಿಂಗ್ ಇದೆಯೆಂದು ಆಫೀಸಿನಲ್ಲಿ ತಿಳಿಯಿತು. ಒಗ್ಗರಣೆ ಹಾಕುವುದಕ್ಕೂ ಬಾಜಿ ಕಟ್ಟುವ ದೇಶ ಇದು. ಚುನಾವಣೆ ಬಂದಾಗ ಸುದ್ದಿ ನೋಡಲು ಹೋದೆ, ಪ್ರಧಾನಿ ಯಾರಾಗುತ್ತಾರೆ ಎನ್ನುವುದಕ್ಕೂ ದರ ನಿಗದಿಯಾಗಿತ್ತು. ತಲೆ ಕೆಟ್ಟುಹೋಯಿತು. ಕೊನೆಗೆ ನಾಲ್ಕು ವರ್ಷದ ಮಗಳ ಜೊತೆ ಕೂತು ಹಂದಿಮರಿಯ ಕಾರ್ಟೂನ್ ನೋಡತೊಡಗಿದೆ. ಅದನ್ನೂ ಹೆಂಡತಿ ಅಡುಗೆಮನೆಯಿಂದ ಒಮ್ಮೆ ಇಣುಕಿ ನೋಡಿಯೇ ಬಿಟ್ಟಳು.

ಹೀಗಿರುವಾಗ ಒಂದು ಬುಧವಾರ ಮಗಳನ್ನು ಸ್ವಾನ್ ನದಿಯ ದಡಕ್ಕೆ ಆಡಲು ಕರೆದುಕೊಂಡು ಹೋದೆ. ಬೇಸಿಗೆಯಲ್ಲಿ ಮಧ್ಯಾಹ್ನ ಕಳೆದ ಮೇಲೆ ಸಮುದ್ರದ ಕಡೆಯಿಂದ ತಂಪು ಗಾಳಿ ಬೀಸುತ್ತದೆ. ಪರ್ತ್‌ನವರು ಅದನ್ನು ಡಾಕ್ಟರ್ ಅನ್ನುತ್ತಾರೆ, ಬಂದರೆ ಎಲ್ಲರಿಗೂ ಜೀವ ಬರುತ್ತದೆ. ಅವತ್ತು ಡಾಕ್ಟರ್ ಬಂದಿತ್ತು. ನದಿಯ ತುಂಬ ಹಾಯಿದೋಣಿಗಳು ಗೊತ್ತುಗುರಿಯಿಲ್ಲದೆ ಅಡ್ಡಾದಿಡ್ಡಿ ಹೋಗುತ್ತಿದ್ದವು. ಎಷ್ಟು ಚೆಂದ, ಎಲ್ಲರೂ ಸುಮ್ಮನೆ ಗಾಳಿ ಕುಡಿಯಲು ಬಂದಿದ್ದಾರೆ ಅಂದುಕೊಂಡೆ. ಅಷ್ಟರಲ್ಲಿ ಮಗಳು, "ಅಪ್ಪಾ, ದೇ ಆರ್ ರೇಸಿಂಗ್," ಅಂದಳು. ನೋಡಿದರೆ ಹೌದು. ಒಂದರ ಹಿಂದೆ ಒಂದು ನೀರಿನಲ್ಲಿ ತೇಲುವ ಹಳದಿ ಬುರುಡೆಯೊಂದನ್ನು ಸುತ್ತುತ್ತಿದ್ದವು.

ರೇಸು ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು, ಸುಳ್ಳು ಯಾಕೆ ಹೇಳಲಿ. ಪಕ್ಕದ ಬೆಂಚಿನಲ್ಲಿದ್ದ ಮುದುಕರೊಬ್ಬರನ್ನು, ಮುಂದಿರುವ ಆ ಬಿಳಿ ದೋಣಿ ತಾನೇ ಗೆಲ್ಲುವುದು ಅಂತ ಕೇಳಿದೆ. ಅದು ಐದನೆಯದೋ ಆರನೆಯದೋ ಬರಬಹುದು ಅಂದರು. ಮೊದಲು ಮುಟ್ಟಿದವರು ಗೆಲ್ಲುವುದಿಲ್ಲವೇ ಅಂದೆ. ಇಲ್ಲ, ದೊಡ್ಡ ದೋಣಿ ಜೋರಾಗಿ ಹೋಗುತ್ತದೆ, ಚಿಕ್ಕದು ನಿಧಾನ, ಹಾಗಾಗಿ ಒಂದೊಂದು ದೋಣಿಗೂ ಒಂದೊಂದು ಲೆಕ್ಕ ಇದೆ, ಗಡಿಯಾರದ ಸಮಯವನ್ನು ಆ ಲೆಕ್ಕದಿಂದ ಗುಣಿಸಿ ನೋಡಬೇಕು ಅಂದರು. ಹಾಗಾದರೆ ಗೆದ್ದವರು ಯಾರೆಂದು ಗೊತ್ತಾಗುವುದು ಯಾವಾಗ? ಗುರುವಾರ, ಅಂದರು ಅವರು, ಅದರಲ್ಲಿ ವಿಶೇಷವೇನೂ ಇಲ್ಲ ಎಂಬಂತೆ. ಗಾಳಿ ಬಿದ್ದುಹೋದರೆ ರೇಸೇ ರದ್ದಂತೆ, ಎಲ್ಲರೂ ಕ್ಲಬ್ಬಿಗೆ ಹೋಗಿ ಬಿಯರ್ ಕುಡಿಯುತ್ತಾರಂತೆ. ಕಾರು ಓಡಿಸುತ್ತಾ ಮನೆಗೆ ಬರುವಾಗ ನನಗೆ ಹೊಳೆಯಿತು: ಇಂಥ ರೇಸಿನ ಮೇಲೆ ದುಡ್ಡು ಕಟ್ಟಿಸಿಕೊಳ್ಳುವ ಹುಚ್ಚ ಯಾವನಿದ್ದಾನು?

ಹೆಂಡತಿಗೆ ಹೇಳಿದೆ. ಅವಳು ನಂಬಲಿಲ್ಲ. ನಂಬಬೇಕಾದ ಅವಶ್ಯಕತೆಯಾದರೂ ಏನಿತ್ತು? ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬಂದರೆ ಬುದ್ಧಿ ರಜಾ ಹಾಕುತ್ತದೆ. ನಿನ್ನೆದುರಿಗೇ ಕೇಳ್ತೀನಿ ಇರು ಅಂತ, ಹಿಂದೆ ನನ್ನ ದುಡ್ಡೆಲ್ಲ ನುಂಗಿದ್ದ ಬೆಟ್ಟಿಂಗ್ ಕಂಪನಿಯವರಿಗೇ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಬೆಟ್ಟಿಂಗ್ ಬಿಟ್ಟವನು ಬೆಟ್ಟಿಂಗ್‌ನವರಿಗೆ ಫೋನ್ ಮಾಡುವುದನ್ನು ಬೇರೆ ಯಾವ ಹೆಂಡತಿಯಾದರೂ ಸಹಿಸುತ್ತಿದ್ದಳೋ ಇಲ್ಲವೋ. ಇವಳು ಸೊಂಟದ ಮೇಲೆ ಕೈಯಿಟ್ಟು ನಿಂತು ಕೇಳಿಸಿಕೊಂಡಳು.

ಆ ಕಡೆ ಒಬ್ಬ ಹೆಂಗಸು ಬಹಳ ಪ್ರೀತಿಯಿಂದ ಮಾತಾಡಿಸಿದಳು. ಬುಧವಾರ ಸಂಜೆ ಸ್ವಾನ್ ನದಿಯಲ್ಲಿ ನಡೆಯುವ ಹಾಯಿದೋಣಿ ರೇಸಿನ ಮೇಲೆ ಕಟ್ಟಬಹುದೇ ಅಂದೆ. ಒಂದು ನಿಮಿಷ ಕೀಲಿಮಣೆ ಕುಟ್ಟುವ ಸದ್ದು ಬಂತು. ಇಲ್ಲವಂತೆ. ಶನಿವಾರದ್ದು? ಅದೂ ಇಲ್ಲ. ನಾನು ಬಿಡಲಿಲ್ಲ. ಖಂಡಿತಾ ಇಲ್ಲವೇ, ಮುಂದೆ ಯಾವಾಗಲಾದರೂ ಶುರುಮಾಡುವ ಯೋಚನೆ ಇದೆಯೇ ಅಂದೆ. ಅವಳಿಗೆ ನನ್ನ ಮೇಲೆ ಕನಿಕರ ಹುಟ್ಟಿರಬೇಕು. ಈ ಕೆಲಸಕ್ಕೆ ಸೇರಿದಾಗಿನಿಂದ ಇದನ್ನು ಕೇಳಿದವರು ನೀವೊಬ್ಬರೇ, ಬೇಕಿದ್ದರೆ ಈಗ ಓಡುತ್ತಿರುವ ನಾಯಿಗಳಿವೆ ಅಂದಳು. ಬೇಡ ತಾಯಿ, ತುಂಬ ಸಂತೋಷ, ಅಂತ ಕನ್ನಡದಲ್ಲೇ ಹೇಳಿ ಫೋನ್ ಇಟ್ಟೆ. ಹೆಂಡತಿ ಸಿಂಕಿನ ಕಡೆ ತಿರುಗಿ ನಿಂತಿದ್ದಳು. ಅಳುತ್ತಿದ್ದಾಳೇನೋ ಅಂದುಕೊಂಡೆ, ಭುಜ ಕುಲುಕುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಾಳೆ. ತಂಗಿಯ ಮದುವೆಯಾದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಅಲ್ಲಿಂದ ನನ್ನ ಬುಧವಾರಗಳು ನದಿಗೆ ಹೋದವು. ಸದರ್ನ್ ರಿವರ್ ಅನ್ನುವ ಬಡಾವಣೆಯಲ್ಲಿ ನಮ್ಮ ಮನೆ. ಹೆಸರಿನಲ್ಲಿ ನದಿ ಇದ್ದರೂ ಮನೆ ಮುಂದೆ ಇದ್ದದ್ದು ಮರಳು ಮಾತ್ರ, ಹಾಗಾಗಿ ಅರ್ಧ ಗಂಟೆ ಕಾರು ಓಡಿಸಬೇಕು. ಹೆಂಡತಿಗೆ ಆಗ ಮೋರ್ಲಿಯ ಮಾಲ್‌ನಲ್ಲಿ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ, ಬರುವುದು ತಡ. ಮಗಳೂ ನಾನೂ ಮೊಸರನ್ನದ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದೆವು. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಮರುದಿನ ಸಿಡ್ನಿಯಿಂದ ದಕ್ಷಿಣಕ್ಕೆ ಹೊರಡುವ ದೊಡ್ಡ ದೋಣಿ ರೇಸನ್ನು ಟಿವಿಯಲ್ಲಿ ತೋರಿಸಿದರು. ಅಷ್ಟು ಹೊತ್ತಿಗೆ ದೋಣಿಯೆಂದರೆ ಬಾಜಿಯಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಅಚ್ಚೊತ್ತಿ ಕೂತಿತ್ತು. ಆ ರೇಸಿನ ಬಗ್ಗೆ ಯಾರನ್ನೂ ಕೇಳಲಿಲ್ಲ. ಹೆಂಡತಿಯೂ ಬಂದು ಪಕ್ಕದಲ್ಲಿ ಕೂತಳು, ರಾತ್ರಿ ನೆನೆಹಾಕಿದ್ದ ಅವರೆಕಾಳು ಹಿತಕುತ್ತಾ. ಅಲ್ಲಿಂದ ಮುಂದೆ ಪ್ರತಿ ವರ್ಷ ಅದೊಂದು ಹಬ್ಬವಾಯಿತು. ದೋಣಿ ರೇಸು, ಹಿತಕಿದ ಬೇಳೆ ಸಾರು.

ಗಣಿಗಳ ಭರಾಟೆ ಇಳಿದು ಪರ್ತ್‌ನಲ್ಲಿ ಕೆಲಸ ಹೋದಾಗ ಅಡಿಲೇಡ್‌ಗೆ ಬಂದೆವು. ಅಲ್ಲಿ ನಾನು ದಡ ಬಿಟ್ಟು ನೀರಿಗಿಳಿದೆ. ಸಮುದ್ರತೀರದ ಒಂದು ಸಣ್ಣ ಕ್ಲಬ್ಬಿನಲ್ಲಿ ರೇಸಿನ ಲೆಕ್ಕ ನೋಡಿಕೊಳ್ಳುವವರು ಕೂರುವ ದೋಣಿಗೆ ಯಾವಾಗಲೂ ಜನ ಸಾಲದು. ಎಲ್ಲರಿಗೂ ಓಡಿಸುವ ಆಸೆ, ಬರೆದುಕೊಳ್ಳುವವರು ಯಾರೂ ಇಲ್ಲ. ಈಜು ಬಾರದ ನಾನು ಲೈಫ್ ಜಾಕೆಟ್ ಬಿಗಿದುಕೊಂಡು, ಬಾಯಲ್ಲಿ ಒಂದು ಚೂರು ಶುಂಠಿ ಇಟ್ಟುಕೊಂಡು, ಯಾವ ದೋಣಿ ಎಷ್ಟು ಗಂಟೆ ಎಷ್ಟು ನಿಮಿಷ ಎಷ್ಟು ಸೆಕೆಂಡಿಗೆ ಗೆರೆ ದಾಟಿತು ಎಂದು ಬರೆಯುವ ಕೆಲಸಕ್ಕೆ ನಿಂತೆ. ನಾಯಿ ರೇಸಿನಲ್ಲಿ ಪಳಗಿದ ಕಣ್ಣು, ತಪ್ಪುತ್ತಿರಲಿಲ್ಲ. ಒಮ್ಮೆ ಒಬ್ಬ ದೋಣಿಯವನು ನಾನು ಬರೆದದ್ದು ಒಂದು ಸೆಕೆಂಡ್ ಹೆಚ್ಚು ಎಂದು ವಾದಕ್ಕೆ ಬಂದ. ನನಗೂ ನೆತ್ತಿಗೇರಿತು. ಇಬ್ಬರೂ ಅರ್ಧ ಗಂಟೆ ಕಿತ್ತಾಡಿದೆವು. ಗೆದ್ದರೆ ಒಂದು ಕಾಸೂ ಇಲ್ಲ, ಒಂದು ಪ್ಲಾಸ್ಟಿಕ್ ಬಟ್ಟಲೂ ಇಲ್ಲ. ಆದರೂ ಆ ಒಂದು ಸೆಕೆಂಡಿಗಾಗಿ ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅವತ್ತು ಮನೆಗೆ ಬಂದು ಹೆಂಡತಿಗೆ ಇದನ್ನೆಲ್ಲ ಹೇಳುವಾಗ ಎಷ್ಟು ಹಗುರವಾಗಿದ್ದೆನೆಂದರೆ, ಊಟ ಮಾಡುವುದನ್ನೇ ಮರೆತಿದ್ದೆ. ಬಾಜಿ ಕಟ್ಟಲು ಕೈ ತುರಿಸುವುದು ಯಾವಾಗ ನಿಂತಿತ್ತೋ ಗೊತ್ತಿಲ್ಲ.

ನಿಂತಿತ್ತು ಅಂದುಕೊಂಡಿದ್ದೆ. ಬ್ರಿಸ್ಬೇನ್‌ಗೆ ಬಂದು ನಾರ್ತ್ ಲೇಕ್ಸ್‌ನಲ್ಲಿ ಮನೆ ಮಾಡಿದ ಮೊದಲ ಡಿಸೆಂಬರ್. ಕ್ರಿಸ್‌ಮಸ್‌ಗೆ ಮೂರು ದಿನ ಇರುವಾಗ, ಆಫೀಸಿನಲ್ಲಿ ಪಕ್ಕದ ಮೇಜಿನ ಹುಡುಗ ಕಾಫಿ ಹಿಡಿದು ಬಂದ. ನನಗೆ ದೋಣಿಯ ಹುಚ್ಚು ಎಂದು ಅವನಿಗೆ ಗೊತ್ತು. ಸಿಡ್ನಿಯ ರೇಸಿನ ಮೇಲೆ ಸ್ವಲ್ಪ ದುಡ್ಡು ಕಟ್ಟಬೇಕು, ಯಾವ ದೋಣಿ ಹೇಳು ಅಂದ. ಅದಕ್ಕೆ ಬೆಟ್ಟಿಂಗ್ ಇಲ್ಲವಲ್ಲ ಎಂದೆ, ಎಲ್ಲ ಗೊತ್ತಿದ್ದವನ ಹಾಗೆ. ಅವನು ಫೋನ್ ತೆಗೆದು ತೋರಿಸಿದ. ದೋಣಿಗಳ ಹೆಸರು ಸಾಲಾಗಿ ನಿಂತಿದ್ದವು, ಪ್ರತಿಯೊಂದರ ಪಕ್ಕದಲ್ಲೂ ದರ.

ಒಂದು ಕಡೆ, ಇಷ್ಟು ವರ್ಷ ಗೊತ್ತಿಲ್ಲದೆ ಮಾತು ಮುರಿದಿದ್ದೇನೆ ಎಂಬ ಭಯ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಆ ಪಟ್ಟಿ ನೋಡಿದ ಕ್ಷಣವೇ ಯಾವ ದರ ತಪ್ಪು, ಯಾವ ದೋಣಿಯ ಮೇಲೆ ಕಟ್ಟಿದರೆ ಲಾಭ ಎಂದು ನನಗೆ ಗೊತ್ತಾಗಿಬಿಟ್ಟಿತ್ತು. ಗಾಳಿ ಎತ್ತಲಿಂದ ಬೀಸುತ್ತದೆ ಎಂದು ವಾರದಿಂದ ಓದಿಕೊಂಡಿದ್ದೆ. ಮಾರನೇ ದಿನ ಮಧ್ಯಾಹ್ನದ ಹೊತ್ತಿನಲ್ಲಿ ಬಂಕಿಗೆ ಪೆಟ್ರೋಲ್ ಹಾಕಿಸಲು ಹೋದವನು, ಹಾಕಿಸಿದ ಮೇಲೆ ಕಾರನ್ನು ಬದಿಗೆ ನಿಲ್ಲಿಸಿ ಆ ಆ್ಯಪ್ ಇಳಿಸಿಕೊಂಡೆ. ಹೆಸರು ಕೇಳಿತು, ಕೊಟ್ಟೆ. ಹುಟ್ಟಿದ ದಿನ ಕೇಳಿತು. ಅಲ್ಲಿ ನಿಂತೆ. ದೊಡ್ಡ ಮನಸ್ಸಿನಿಂದೇನೂ ಅಲ್ಲ. ಹೆದರಿಕೆಯಾಯಿತು, ಅಷ್ಟೆ. ಹೆಂಡತಿ ಮಗಳ ಕೈ ಹಿಡಿದು ಏರ್‌ಪೋರ್ಟಿನ ಸಾಲಿನಲ್ಲಿ ನಿಂತ ಹಾಗೆ ಕಣ್ಣಿಗೆ ಕಟ್ಟಿತು. ಎಲ್ಲ ಅಳಿಸಿ ಹಾಕಿ, ಎಸಿ ಹಾಕಿಕೊಂಡು ಸುಮಾರು ಹೊತ್ತು ಬೆವರುತ್ತಾ ಕೂತಿದ್ದೆ.

ಕ್ರಿಸ್‌ಮಸ್ ದಿನ ಯಾರದೋ ಮನೆಯಲ್ಲಿ ಬಾರ್ಬೆಕ್ಯೂ ಊಟ ಇತ್ತು. ನಾನು ತಟ್ಟೆ ಮುಟ್ಟಲಿಲ್ಲ, ಎಲ್ಲರೂ ಹೊಟ್ಟೆ ಸರಿಯಿಲ್ಲವೇನೋ ಅಂದುಕೊಂಡರು. ಮರುದಿನ ಹನ್ನೊಂದೂವರೆ. ಬ್ರಿಸ್ಬೇನ್ ಗಡಿಯಾರದಲ್ಲಿ ಸಿಡ್ನಿಯ ರೇಸು ಶುರುವಾಗುವುದು ಮಧ್ಯಾಹ್ನ ಹನ್ನೆರಡಕ್ಕೆ. ಅವಳು ಆಗಲೇ ಸೋಫಾದ ಮೇಲೆ ಕಾಲು ಮಡಚಿ, ಮಡಿಲಲ್ಲಿ ಪಾತ್ರೆಯಿಟ್ಟುಕೊಂಡು ಅವರೆಕಾಳು ಹಿತಕುತ್ತಿದ್ದಳು. ನಾನು ಟಿವಿಗೆ ಅಡ್ಡವಾಗಿ ನಿಂತೆ.

"ಈ ರೇಸಿಗೂ ಬೆಟ್ಟಿಂಗ್ ಇದೆ ಕಣೆ. ನಂಗೆ ಗೊತ್ತಿರ್ಲಿಲ್ಲ, ಮೊನ್ನೆ ಗೊತ್ತಾಯ್ತು. ಕಾರಲ್ಲಿ ಕೂತು ಅರ್ಧ ಕೆಲಸ ಮಾಡಿದ್ದೆ. ಕಟ್ಟಲಿಲ್ಲ. ಆದ್ರೆ ಇನ್ಮೇಲೆ ಇದನ್ನ ನೋಡಲ್ಲ," ಅಂದೆ.

ಅವಳ ಕೈ ನಿಲ್ಲಲಿಲ್ಲ. ಕಾಳಿನ ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ ಬೀಳುತ್ತಲೇ ಇತ್ತು. ಬೆಟ್ಟಿಂಗ್ ಇರುವ ವಿಷಯ ತನಗೆ ಪರ್ತ್‌ನಲ್ಲೇ ಗೊತ್ತಿತ್ತು ಅಂದಳು. ಮೋರ್ಲಿಯ ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುತ್ತಿದ್ದವಳ ಗಂಡ ಆ ರೇಸಿನ ಮೇಲೆ ಕಟ್ಟುತ್ತಿದ್ದನಂತೆ, ಮೊದಲ ಕ್ರಿಸ್‌ಮಸ್ಸಿಗೆ ಮುಂಚೆಯೇ ಅವಳು ಹೇಳಿದ್ದಳಂತೆ.

ನನಗೆ ರೇಗಿಹೋಯಿತು. ಐದು ವರ್ಷ! ನಾನೇನು ಪರೀಕ್ಷೆಗೆ ಕೂತ ಹುಡುಗನೇ, ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ದನಿ ಏರಿಸಿದೆ.

"ಹೇಳಿದ್ರೆ ನಿಮಗೆ ನೋಡೋಕೆ ಅಂತ ಇನ್ನೇನ್ ಉಳೀತಿತ್ತು?" ಅಂದಳು. "ಮೊದಲ್ನೇ ವರ್ಷ ನಾನು ಟಿವಿ ನೋಡ್ಲೇ ಇಲ್ಲ ರೀ. ನಿಮ್ಮ ಮುಖಾನೇ ನೋಡ್ತಾ ಕೂತಿದ್ದೆ. ಎರಡ್ನೇ ವರ್ಷಾನೂ ಅಷ್ಟೇ. ಅಡಿಲೇಡ್‌ಗೆ ಬಂದ್ಮೇಲೆ ಯಾವಾಗ್ಲೋ ದೋಣಿ ನೋಡೋಕೆ ಶುರು ಮಾಡ್ಬಿಟ್ಟೆ."

ಪಕ್ಕಕ್ಕೆ ಸರೀರಿ, ಶುರುವಾಗತ್ತೆ ಅಂತ ಅವಳೇ ನನ್ನನ್ನು ತಳ್ಳಿ ಟಿವಿ ಹಾಕಿದಳು. ಹನ್ನೆರಡಕ್ಕೆ ಸರಿಯಾಗಿ ತೋಪು ಹಾರಿತು. ನೀರಿನ ತುಂಬ ಬಿಳಿ ಹಾಯಿಗಳು ಒಟ್ಟಿಗೆ ಎದ್ದವು. ನನ್ನ ಕಣ್ಣು ತುಂಬಿಕೊಂಡು ಯಾವ ದೋಣಿ ಯಾವುದೆಂದು ಒಂದೂ ತಿಳಿಯಲಿಲ್ಲ. ಯಾವುದು ಮುಂದಿದೆ, ಯಾವುದು ಹಿಂದೆ ಬಿತ್ತು ಅಂತ ಅವಳೇ ಹೇಳುತ್ತಾ ಹೋದಳು.