ಲತೀಫ್ ವಾಪಸ್ ಕಳಿಸಿದ ಟ್ಯಾಂಕು

ಶಿವಾಜಿನಗರದ ಗುಜರಿ ಸಂದಿಯೊಂದರಲ್ಲಿ ಬೈಕ್ ಟ್ಯಾಂಕುಗಳ ನಗ್ಗು ತೆಗೆಯುತ್ತಿದ್ದ ಲತೀಫನಿಗೆ ಪೇಂಟರುಗಳನ್ನು ಕಂಡರೆ ಆಗುತ್ತಿರಲಿಲ್ಲ. "ನಗ್ಗಿದ ಜಾಗಕ್ಕೆ ಪುಟ್ಟಿ ಮೆತ್ತಿ ಮೇಲೆ ಬಣ್ಣ ಹೊಡೆಯೋದೂ ಒಂದು ಕೆಲಸಾನಾ? ಗೋಡೆಗೆ ಸುಣ್ಣ ಬಳಿಯೋದಕ್ಕೆ ಹೋಗ್ಲಿ," ಎನ್ನುತ್ತಿದ್ದ. ಅವನ ತಮ್ಮ ನಯಾಜ್ ಫ್ರೇಜರ್ ಟೌನಿನಲ್ಲಿ ಪೇಂಟಿಂಗ್ ಅಂಗಡಿ ಇಟ್ಟಿದ್ದ. ಅವನನ್ನು ಹಬ್ಬದೂಟಕ್ಕೆ ಕರೆದಾಗಲೂ ಲತೀಫ್ ಈ ಮಾತನ್ನು ಬಿಡುತ್ತಿರಲಿಲ್ಲ.

2002ರ ಬೇಸಿಗೆಯಲ್ಲಿ ನಯಾಜ್ ಮಾರತ್ತಹಳ್ಳಿ ಹತ್ತಿರ ಮರಳಿನ ಮೇಲೆ ಬೈಕ್ ಸಮೇತ ಜಾರಿಬಿದ್ದ. ಹ್ಯಾಂಡಲ್ ಹೊರಳಿ ಬಡಿದು ಟ್ಯಾಂಕಿನಲ್ಲಿ ಅಂಗೈಯಗಲ ತಗ್ಗಾಯಿತು. ಅದು ತೀರಿಹೋದ ಅಬ್ಬಾನ ಜಾವಾ ಬೈಕು. ಬಣ್ಣ ಕಂಪನಿಯಿಂದ ಬಂದಾಗಿನದೇ. ಅದನ್ನು ಕೆರೆದು ತನ್ನ ಬಣ್ಣ ಹೊಡೆಯಲು ನಯಾಜನಿಗೇ ಮನಸ್ಸಾಗಲಿಲ್ಲ. ಟ್ಯಾಂಕು ಬಿಚ್ಚಿಕೊಂಡು ಅಣ್ಣನ ಅಂಗಡಿಗೆ ಬಂದ.

"ಬನ್ನಿ ಪೇಂಟರ್ ಸಾಹೇಬ್ರೇ," ಎಂದ ಲತೀಫ್, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ. "ಪುಟ್ಟಿ ಖಾಲಿಯಾಯ್ತಾ?"

"ಅಬ್ಬಾ ಗಾಡಿ, ಭಾಯ್. ಬಣ್ಣ ಕೆಡಬಾರ್ದು."

"ಹಂಗಾದ್ರೆ ದೂರ ನಿಂತ್ಕೋ. ನಿನ್ನ ಕೈ ಸೋಕಿದ್ರೂ ಕೆಡುತ್ತೆ."

ಟ್ಯಾಂಕನ್ನು ಚೆನ್ನಾಗಿ ತೊಳೆದು, ಬಣ್ಣ ಬೆಚ್ಚಗಾಗಲೆಂದು ಬಿಸಿಲಿಗಿಟ್ಟ. ಆಮೇಲೆ ತುದಿಗೆ ಚರ್ಮ ಸುತ್ತಿದ ಬಾಗಿದ ಸರಳನ್ನು ಅದರ ಬಾಯೊಳಗೆ ತೂರಿಸಿ, ತಗ್ಗಿನ ಅಂಚನ್ನು ಒಳಗಿನಿಂದ ಇಷ್ಟಿಷ್ಟೇ ಒತ್ತುತ್ತ ಬಂದ. ಟ್ಯಾಂಕಿನ ಮೇಲೆ ಸೊಟ್ಟಗೆ ಮೂಡುತ್ತಿದ್ದ ಟ್ಯೂಬ್‌ಲೈಟಿನ ಬಿಂಬ ಸಂಜೆಗೆ ನೆಟ್ಟಗಾಯಿತು. ನಯಾಜ್ ಬೆರಳಾಡಿಸಿ ನೋಡಿ ಹೊತ್ತೊಯ್ದ.

ಸ್ವಲ್ಪ ದಿನಕ್ಕೆ ದೊಡ್ಡನೆಕ್ಕುಂದಿಯ ಫ್ಯಾಕ್ಟರಿಯೊಂದರ ಕೆಲಸಗಾರ, ಗುಲ್ಬರ್ಗ ಕಡೆಯ ಭಗವಂತರಾಯ, ನಗ್ಗಿದ ಟ್ಯಾಂಕು ತಂದ. "ಫ್ರೇಜರ್ ಟೌನಿನಾಗ ನಯಾಜ್ ಭಾಯಿ ಪೇಂಟ್ ಕೆಡದಂಗ ನಗ್ಗು ತೆಗೀತಾರಂತ್ರಿ. ತಾವೇ ತೆಗ್ದೀನಂತ ಒಂದು ಜಾವಾ ತೋರ್ಸಿದ್ರು, ಗುರುತೇ ಇಲ್ಲ. ಇಲ್ಲೂ ರೇಟ್ ಕೇಳಿ ನೋಡೂಣಂತ ಬಂದೆ. ನೀವೂ ತೆಗೀತೀರೇನ್ರಿ?"

ಲತೀಫನ ಮೈ ಉರಿಯಿತು. ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತಮ್ಮನ ಮಾನ ಬೀದಿಪಾಲಾಗುವುದನ್ನು ನೋಡುವ ಆಸೆ ಹೆಚ್ಚಾಯಿತು. "ಅವ್ರು ದೊಡ್ಡ ಉಸ್ತಾದ್. ಅಲ್ಲೇ ಹೋಗ್ರಿ," ಎಂದ.

ಮನೆಯಲ್ಲಿ ಇದನ್ನು ನಗುತ್ತ ಹೇಳಿದಾಗ ಹೆಂಡತಿ ಫಹ್ಮಿದಾ ನಗಲಿಲ್ಲ. "ಹಾಳಾಗೋದು ನಯಾಜ್ ಟ್ಯಾಂಕಲ್ಲ, ಆ ಬಡಪಾಯಿದು," ಎಂದಳು.

ಭಗವಂತರಾಯ ವಾಪಸ್ ಬಂದ. ನಯಾಜ್ ಒಳಗಿನಿಂದ ಬರೀ ಕಬ್ಬಿಣದ ರಾಡಿನಲ್ಲಿ ಕುಕ್ಕಿದ್ದ. ತಗಡು ಗುಳ್ಳೆಗುಳ್ಳೆಯಾಗಿ ಹೊರಗೆದ್ದಿತ್ತು, ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತ್ತು.

"ಮಾವ ಕೊಡ್ಸಿದ್ ಗಾಡಿರೀ. ನೀವೇ ಅಲ್ಲಿಗಿ ಹೋಗಂದ್ರಿ. ಏನಾರ ಮಾಡ್ರಿ."

ಲತೀಫ್ ಟ್ಯಾಂಕನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಹೋದ ಬಣ್ಣ ಹೋಗಿತ್ತು. ಎದ್ದ ತಗಡನ್ನು ತನ್ನ ಕೈಲಾದಷ್ಟು ತಟ್ಟಿ ಕೂರಿಸಿ, ಅವನನ್ನು ಕರೆದುಕೊಂಡು ತಾನೇ ಫ್ರೇಜರ್ ಟೌನಿಗೆ ಹೋದ. ತಮ್ಮನ ಮುಂದೆ ಟ್ಯಾಂಕು ಕುಕ್ಕಿದ.

"ಕಳ್ಳ ಉಸ್ತಾದ್! ಪುಟ್ಟಿ ಹಾಕಿ ಬಣ್ಣ ಹೊಡಿ. ಇವ್ರತ್ರ ಕಾಸು ಕೇಳ್ಬೇಡ."

"ಕಳಿಸ್ದೋನು ನೀನೇ ಅಲ್ವಾ, ಭಾಯ್?"

ಲತೀಫ್ ಸ್ಟೂಲೊಂದನ್ನು ಎಳೆದುಕೊಂಡ. ಬಣ್ಣ ಒಣಗುವವರೆಗೂ ಅಲ್ಲೇ ಕೂತ. ನಯಾಜ್ ಹಳೆಯದಕ್ಕೆ ಹೊಂದುವಂತೆ ಬಣ್ಣ ಕೂಡಿಸಿದ್ದು ಚೆನ್ನಾಗಿಯೇ ಬಂದಿತ್ತು. ಅದು ಕಂಡರೂ, ಲತೀಫ್ ಮುಖ ಹಿಂಡಿಕೊಂಡು ಎದ್ದು ಬಸ್ ಸ್ಟಾಪಿನ ಕಡೆ ನಡೆದ.